ನೆಲಮಾಳಿಗೆಯಲ್ಲಿ ಒಂದು ಕೆಮ್ಮು

ಗುಲಾಬಿ ಸಾಬೂನು — ಕೈತೊಳೆಯುವ ತೊಟ್ಟಿಯ ಪಕ್ಕ ಗೋಡೆಗೆ ಸಿಕ್ಕಿಸಿದ್ದಾರಲ್ಲ, ಒತ್ತಿದರೆ ಪಿಚಕ್ಕನೆ ಬೀಳುವ ಅಗ್ಗದ ಸಾಬೂನು, ಅದರ ವಾಸನೆ ನನ್ನ ಮೂಗಿನೊಳಗೆ ಹೇಗೆ ಬಂತು, ಯಾಕಿಷ್ಟು ಹತ್ತಿರ, ಓ, ಅಂಗೈ, ಇದು ಡ್ರೈವರನ ಅಂಗೈ, ನನ್ನ ಬಾಯಿ ಮೂಗುಗಳ ಮೇಲೆ, ಕುರ್ಚಿ ಮಗುಚಿದೆ, ತಲೆ ನೆಲಕ್ಕೆ ಬಡಿದ ಸದ್ದು ಈಗ ಕಿವಿಗೆ ಬರುತ್ತಿದೆ, ತಡವಾಗಿ, ಪಕ್ಕದ ಮನೆಯಲ್ಲಿ ಯಾರೋ ಬಿದ್ದ ಹಾಗೆ, ಮೇಲೆ ಟ್ಯೂಬ್‌ಲೈಟು, ಅದರ ಮುಚ್ಚಳದೊಳಗೆ ಸತ್ತ ನೊಣ, ತೆಗೆಸಿ ತೆಗೆಸಿ ಅಂತ ಎಷ್ಟು ಸಲ ಬಡಕೊಂಡಿದ್ದೇನೆ — ಥೂ ನನ್ನ, ಉಸಿರಿಲ್ಲದೆ ಬಿದ್ದಿರುವಾಗ ನೊಣದ ಚಿಂತೆ. ನಿನ್ನ ಬಾಯಿ ಮುಚ್ಚಿಸೋ ಗಂಡಸು ಇನ್ನೂ ಹುಟ್ಟಿಲ್ಲ ಕಣೇ, ಅಂತ ನನ್ನ ಗಂಡ ಊಟಕ್ಕೆ ಕೂತಾಗೆಲ್ಲ ಅಣಕಿಸುತ್ತಾನೆ, ಹುಟ್ಟಿದ್ದಾನೆ ಕಣೋ ಮಾರಾಯ, ಹುಟ್ಟಿ, ಸೈನ್ಯ ಸೇರಿ, ಲಾರಿ ಓಡಿಸಿ, ಯುದ್ಧ ಮುಗಿಸಿ, ತಲೆಬುರುಡೆಗೆ ತಗಡು ಹಾಕಿಸಿಕೊಂಡು, ಪ್ರತಿ ಮಂಗಳವಾರ ಬೆಳಗ್ಗೆ ಕೈ ತೊಳೆದುಕೊಂಡು ನನ್ನ ಕೋಣೆಗೆ ಬರುತ್ತಾನೆ, ಈಗ ನನ್ನ ಎದೆಯ ಮೇಲೆ ಮೊಣಕಾಲೂರಿ ಕೂತಿದ್ದಾನೆ. ಅವನ ಕಣ್ಣು ತೆರೆದಿದೆ, ಅದಕ್ಕೆ ನಾನು ಕಾಣುತ್ತಿಲ್ಲ. ಶ್, ಸುಮ್ನಿರೋ, ಮೇಲೆ ಇದಾರೆ ಕಣೋ, ಸುಮ್ನಿರು, ಅನ್ನುತ್ತಿದ್ದಾನೆ, ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ, ಅಂಗೈ ಮಾತ್ರ ಕಲ್ಲು.

ಕೆಮ್ಮಿದೆ, ನಾನು ಮಾಡಿದ್ದು ಅದೊಂದೇ, ಗಂಟಲು ಆಗಿನಿಂದ ಕೆರೆಯುತ್ತಿತ್ತು, ನೀರಿನ ಲೋಟ ಪಕ್ಕದಲ್ಲೇ ಇತ್ತು, ಎತ್ತಲಿಲ್ಲ, ಯಾಕೆಂದರೆ ಅವನು ಇಷ್ಟು ತಿಂಗಳ ಮೇಲೆ ಮೊದಲ ಸಲ ನಿಜವಾಗಿ ಆ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದ, ಲೋಟದ ಸದ್ದಿಗೆ ಎಲ್ಲಿ ಹಿಂತಿರುಗಿಬಿಡುತ್ತಾನೋ ಅಂತ ಕೆಮ್ಮನ್ನು ನುಂಗಿಕೊಂಡು ಕೂತೆ. ನನ್ನ ಸಂಶೋಧನೆ ಇರುವುದೇ ಹಾಗೆ, ಯುದ್ಧದಿಂದ ಬಂದವರು ಕಣ್ಣು ಮುಚ್ಚಿ ಕೂತು ತಮ್ಮ ಅತಿ ಕೆಟ್ಟ ಗಳಿಗೆಯನ್ನು ಈಗಲೇ ನಡೆಯುತ್ತಿದೆಯೇನೋ ಎಂಬಂತೆ ಹೇಳಬೇಕು, ಮತ್ತೆ ಹೇಳಬೇಕು, ಮತ್ತೆ, ಅದು ಸವೆದು ಸವೆದು ಬರೀ ಒಂದು ಹಳೆಯ ಕಥೆಯಾಗುವವರೆಗೆ, ಸವೆಯುತ್ತದೆ, ಸುಳ್ಳಲ್ಲ, ಎಷ್ಟೋ ಜನ ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಈ ಡ್ರೈವರನದು ಮಾತ್ರ ಒಂದು ಕೂದಲಷ್ಟೂ ಸವೆದಿರಲಿಲ್ಲ, ಪ್ರತಿ ಸಲ ಅದೇ ಪದ, ಅದೇ ಸಾಲು, ಲಾರಿಗೆ ಗುಂಡು ಬಿತ್ತು ಮೇಡಂ, ಓಡಿ ಹೋಗಿ ಒಂದು ಪಾಳು ಮನೆ ನೆಲಮಾಳಿಗೇಲಿ ಬಚ್ಚಿಟ್ಕೊಂಡ್ವಿ, ನಮ್ಮ ಅಡುಗೆಯವನಿಗೆ ಎದೆಗೆ ಬಿದ್ದಿತ್ತು, ತಲೆ ಮೇಲೆ ಶತ್ರುಗಳ ಬೂಟು ಓಡಾಡ್ತಿತ್ತು, ಅವನು ತೀರ್ಕೊಂಡ, ನಾವು ಉಳ್ಕೊಂಡ್ವಿ, ಅಷ್ಟೇ ಮೇಡಂ. ಅಷ್ಟೇ ಅಂದವರದು ಅಷ್ಟೇ ಆಗಿರುವುದಿಲ್ಲ, ಅದಕ್ಕೇ ಇವತ್ತು ಹಟ ಹಿಡಿದೆ, ಕಣ್ಣು ತೆರೀಬೇಡಿ, ಅಲ್ಲೇ ಇರಿ, ನಿಮ್ಮ ಕೈ ಎಲ್ಲಿದೆ ಹೇಳಿ, ಅಂದೆ. ಬೆವರಿದ, ತಡವರಿಸಿದ, ಬಿಟ್ಟೆನೇ ನಾನು, ಎಲ್ಲಿದೆ ಕೈ, ಅಂದೆ. ಅವನ ಬಾಯಿ ಮೇಲಿದೆ ಮೇಡಂ, ಒಂದೇ ಸಮ ಕೆಮ್ತಾ ಇದಾನೆ, ರಕ್ತ ಕೆಮ್ತಾ ಇದಾನೆ, ಕೇಳಿಸಿದ್ರೆ ಎಲ್ರನ್ನೂ ಕೊಲ್ತಾರೆ, ಒತ್ತಿ ಹಿಡಿದಿದೀನಿ, ಬೂಟು ಮೆಟ್ಟಿಲ ಹತ್ರ ಬಂತು — ಸರಿಯಾಗಿ ಆಗ, ನುಂಗಿದ್ದೆಲ್ಲ ಒಟ್ಟಿಗೇ ನುಗ್ಗಿ ಬಂದು, ಕೆಮ್ಮಿದೆ.

ಕಚ್ಚು, ಕಚ್ಚಿದೆ, ಹಲ್ಲು ಇಳಿಯಿತು, ಬಿಸಿ, ಉಪ್ಪು, ಇದು ಅವನ ರಕ್ತವೋ ನನ್ನದೋ, ಅಂಗೈ ಅಲುಗಲಿಲ್ಲ, ಇನ್ನೂ ಒತ್ತಿತು, ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು, ಮೂಗಿನೊಳಗೆ ಏನೋ ಲಟಕ್ಕೆಂದು ಮುರಿಯಿತು, ಒದೆಯುತ್ತಿದ್ದೇನೆ, ಚಪ್ಪಲಿ ಎಲ್ಲೋ ಹಾರಿತು, ಕಾಲಿಗೆ ಮೇಜು ಸಿಕ್ಕಿತು, ಮೇಜಿನಡಿ ಅಪಾಯದ ಗಂಟೆಯ ಗುಂಡಿ ಇದೆ, ಕಾಲಿನ ಹೆಬ್ಬೆರಳಿಗೆ ಎಟಕುತ್ತಿದೆ, ಒತ್ತಿದರೆ ಕಾವಲಿನವನು ಬರುತ್ತಾನೆ, ಗೂಳಿಯಂಥವನು, ಹಿಂದೊಮ್ಮೆ ಕುರ್ಚಿ ಎಸೆದ ಸಿಪಾಯಿಯ ಹೆಗಲ ಮೂಳೆ ಪುಡಿ ಮಾಡಿ ನನ್ನ ಡ್ಯೂಟಿ ಮೇಡಂ ಅಂದವನು, ಆ ಲಾಠಿ ಈ ತಗಡಿನ ತಲೆಗೆ ಬಿದ್ದರೆ ಇವನು ಇಲ್ಲೇ, ನನ್ನ ಮೇಲೇ — ಬೀಳಲಿ, ಸಾಯಲಿ, ಇವನ ಯುದ್ಧಕ್ಕೆ ನಾನ್ಯಾಕೆ ಸಾಯಬೇಕು, ಬೇಲೀಲಿ ಹೋಗೋ ಓತಿಕ್ಯಾತನ್ನ ಕಿವೀಲಿ ಬಿಟ್ಕೋತೀಯಲ್ಲೇ ಅಂತ ಅಮ್ಮ ಅವತ್ತೇ ಬೈದಿದ್ದಳು, ನಾನು ಮನಶ್ಶಾಸ್ತ್ರ ಓದುತ್ತೇನೆ ಅಂದಾಗ, ಒತ್ತು, ಒತ್ತೇ ಮುಂಡೇದೇ, ಆದರೆ ಆ ಗಂಟೆ ಇಡೀ ಕಟ್ಟಡಕ್ಕೆ ಬಡಿಯುತ್ತದೆ, ಅದು ಇವನ ನೆಲಮಾಳಿಗೆಯೊಳಗೂ ಬಡಿಯುತ್ತದೆ, ಕಾವಲಿನವನು ಬಾಗಿಲು ತೆಗೆಯುವಷ್ಟರಲ್ಲಿ ನನ್ನ ಕತ್ತು ಮುರಿದಿರುತ್ತದೆ, ಒಂದು ಕೆಮ್ಮಿಗೇ ಇಷ್ಟು ಮಾಡಿದವನು, ಒಂದು ಕೆಮ್ಮಿಗೇ — ಅಯ್ಯೋ ದೇವರೇ, ಮಗಳು.

ಇವನ ಮಗಳು, ಹೆಂಡತಿ ಮೊದಲ ದಿನ ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು, ಗುಬ್ಬಿಯಂಥ ಮಗು, ಮೂಗು ಸೋರುತ್ತಿತ್ತು, ಗೊರ ಗೊರ ಅನ್ನುತ್ತಿತ್ತು, ಇವಳು ರಾತ್ರಿ ಕೆಮ್ಮಿದ್ರೆ ಸಾಕು ಮೇಡಂ, ಇವರು ಎದ್ದು ಬರಿಗಾಲಲ್ಲಿ ಬೀದಿಗೆ ಓಡ್ತಾರೆ, ಬೆಳಗಾಗೋವರೆಗೂ ಪತ್ತೆ ಇರಲ್ಲ, ಎಂಥಾ ಅಪ್ಪಾನೋ ಏನೋ, ಅಂದಿದ್ದಳು. ನಾನು, ಮಹಾ ಪಂಡಿತೆ, ತಲೆಯಾಡಿಸಿದೆ, ಭಯದಿಂದ ತಪ್ಪಿಸಿಕೊಳ್ಳುವುದು ಅಂತ ಅದಕ್ಕೊಂದು ಹೆಸರಿಟ್ಟೆ, ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ ಅಂತ ಪಾಠ ಮಾಡಿದೆ, ಹೋದ ವಾರ ಮನೆಯಲ್ಲಿ ಮಾಡುವ ಅಭ್ಯಾಸ ಅಂತ ಹೇಳಿ ಕಳಿಸಿದೆ, ಇನ್ಮೇಲೆ ಓಡ್ಬೇಡಿ, ಮಗು ಕೆಮ್ಮಿದ್ರೆ ಪಕ್ಕದಲ್ಲೇ ಕೂತಿರಿ, ಏನೂ ಆಗಲ್ಲ. ಏನೂ ಆಗಲ್ಲ ಅಂದೆ, ನಗುತ್ತಾ ಅಂದೆ, ಅವನು, ನೀವು ಹೇಳಿದ್ಮೇಲೆ ಆಯ್ತು ಮೇಡಂ, ಅಂದ. ಮಗುವನ್ನು ಉಳಿಸಲು ಓಡುತ್ತಿದ್ದನಲ್ಲ ಇವನು, ಇವನ ಬುದ್ಧಿಗೆ ತಿಳಿಯದಿದ್ದರೂ ಕಾಲಿಗೆ ತಿಳಿದಿತ್ತು, ನಾನು ಆ ಕಾಲು ಕಟ್ಟಿ ಮಗುವಿನ ಪಕ್ಕ ಕೂರಿಸಿದೆ. ವಾರ ಆಯಿತು. ಕೂತನಾ, ಮಗು ಕೆಮ್ಮಿತಾ, ಇವತ್ತು ಬಂದ ಕೂಡಲೇ ಅದನ್ನೇ ಮೊದಲು ಕೇಳಬೇಕಿತ್ತು, ನಮ್ಮ ಕ್ರಮವೇ ಅದು, ನೆಲಮಾಳಿಗೆಯ ಆಸೆಗೆ ಬಿದ್ದು ಆಮೇಲೆ ಕೇಳಿದರಾಯಿತು ಅಂದುಕೊಂಡೆ, ಆಮೇಲೆ ಇದೆಯಾ ನನಗೆ ಈಗ, ಉಸಿರು, ಉಸಿರು ಬೇಕು, ಕೇಳುವುದಕ್ಕೆ ಬಾಯಿ ಬೇಕು, ಮಗು ಬದುಕಿದೆಯೋ ಇಲ್ಲವೋ ತಿಳಿಯದೆ ನಾನು ಸಾಯಲಾರೆ.

ಮಣಿಕಟ್ಟು ಹಿಡಿದಿದ್ದೇನೆ ಎರಡೂ ಕೈಯಲ್ಲಿ, ಅಡುಗೆಯವನೂ ಹೀಗೇ ಹಿಡಿದಿದ್ದನೇನೋ, ಎಳೆದಷ್ಟೂ ಒತ್ತುತ್ತಾನೆ, ಕಣ್ಣಿನಂಚು ಕಪ್ಪಾಗುತ್ತಿದೆ, ಟ್ಯೂಬ್‌ಲೈಟು ಒಂದು ದಾರದಷ್ಟಾಯಿತು, ಎದೆ ತಾನಾಗಿ ಎಗರುತ್ತಿದೆ, ಎಗರಬೇಡ, ಸುಮ್ಮನಿರು, ಕೈ ಬಿಡು, ಬಿಟ್ಟೆ, ಬಿಟ್ಟ ಕೈ ಅವನ ತೋಳಿನ ಮೇಲೆ ಬಿತ್ತು, ತಟ್ಟುತ್ತಿದೆ, ನಾನು ತಟ್ಟುತ್ತಿದ್ದೇನೆ, ತೂಕಡಿಸುವ ಮಗುವನ್ನು ತಟ್ಟುವ ಹಾಗೆ, ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ, ನಾನು ಸುಮ್ಮನಿದ್ದೇನಪ್ಪಾ, ಸುಮ್ಮನಿದ್ದೇನೆ, ತಟ್ಟು, ಇಲ್ಲೇ ಇದ್ದೇನೆ, ತಟ್ಟು — ಸಡಿಲವಾಯಿತು, ಒಂದೆಳೆ ಗಾಳಿ, ಸಾಬೂನಿನದೇ ಗಾಳಿ, ಕುಡಿದೆ, ಇನ್ನೊಂದು ಎಳೆ. ಅವನು ಕಿವಿಗೊಟ್ಟು ಚಾವಣಿ ನೋಡಿದ. ಹೋದ್ರು, ಅಂದ, ಹೋದ್ರು ಕಣೋ, ಅಂಗೈ ಎತ್ತಿದ, ನನ್ನ ಬಾಯಿಂದ ಉಸಿರು ಬರುವುದನ್ನು ಕಂಡ, ಆ ಮುಖ ಅರಳಿತು, ಇಷ್ಟು ತಿಂಗಳಲ್ಲಿ ಅದರಲ್ಲಿ ಒಂದು ನಗು ಕಂಡಿರಲಿಲ್ಲ ನಾನು, ಬದುಕಿದೀಯಲ್ಲೋ, ಬದುಕಿದೀಯಲ್ಲೋ ಕಳ್ಳ ನನ್ಮಗನೇ, ಅಂತ ನನ್ನ ಕೆನ್ನೆಗೆ ಮೆಲ್ಲಗೆ ಹೊಡೆದ, ಅಂಗಿಯ ತೋಳಿನಿಂದ ನನ್ನ ಬಾಯಿಯ ರಕ್ತ ಒರೆಸಿದ, ನನಗೆ ಅಳು ಬಂತು, ಇನ್ನೊಂದು ಗಳಿಗೆ ಹೀಗೇ ಬಿದ್ದಿರೋಣ, ಅಡುಗೆಯವನಾಗಿ, ನಾನು ಮಾತಾಡಿದರೆ ಅವನ ಗೆಳೆಯ ಮತ್ತೆ ಸಾಯುತ್ತಾನೆ, ಆದರೆ ಮಗು, ಹರಿದ ತುಟಿಯಲ್ಲೇ ಕೇಳಿದೆ, ಮಗಳು ಹೇಗಿದಾಳೆ. ನಗು ಅಲ್ಲೇ ನಿಂತಿತು. ನನ್ನನ್ನು ನೋಡಿದ, ಮಗುಚಿದ ಕುರ್ಚಿ ನೋಡಿದ, ಮೇಡಂ, ಅಂದ, ಅಯ್ಯೋ ಮೇಡಂ, ನಾನಾ, ನಾನಾ ಮಾಡಿದ್ದು. ಮಗಳು, ಅಂದೆ, ಮಗಳು ಹೇಗಿದಾಳೆ ಹೇಳಿ ಮೊದ್ಲು. ಚೆನ್ನಾಗಿದಾಳೆ ಮೇಡಂ, ಬೆಳಗ್ಗೆ ನಾನೇ ಜಡೆ ಹಾಕಿ ಅಂಗನವಾಡಿಗೆ ಬಿಟ್ಟು ಬಂದೆ. ಬದುಕಿದೆ, ಮಗು ಬದುಕಿದೆ, ಉಸಿರಾಡು, ಬದುಕಿದೆ. ಇಷ್ಟು ದಿನ ಧೈರ್ಯ ಬರಲಿಲ್ಲ, ನಿನ್ನೆ ರಾತ್ರಿ ನೀವು ಹೇಳಿದ ಹಾಗೇ ಮಾಡಿದೆ ಮೇಡಂ, ಅನ್ನುತ್ತಿದ್ದಾನೆ, ಎಲ್ಲೂ ಓಡಲಿಲ್ಲ, ಬೆಳಗಾಗೋವರೆಗೂ ಅವಳ ಪಕ್ಕದಲ್ಲೇ ಕೂತಿದ್ದೆ, ನಿನ್ನೆ ಅವಳು ಕೆಮ್ಮಲೇ ಇಲ್ಲ. ಕೆಮ್ಮಲಿಲ್ಲ. ಕೆಮ್ಮಲಿಲ್ಲ ಅಷ್ಟೇ. ಅವನು ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿಕೊಳ್ಳುತ್ತಿದ್ದಾನೆ, ನನ್ನ ಹಲ್ಲಿನ ಗುರುತು, ರಕ್ತ, ನನ್ನ ಎಂಜಲು, ನಾನೂ ನೋಡುತ್ತಿದ್ದೇನೆ, ಎಷ್ಟು ಅಗಲ, ಆ ಪುಟ್ಟ ಮುಖ ಹಣೆಯಿಂದ ಗಲ್ಲದವರೆಗೆ ಮುಚ್ಚಿಹೋಗುವಷ್ಟು ಅಗಲ, ಆ ಅಂಗೈ, ಹಾಸಿಗೆಯ ಪಕ್ಕ, ರಾತ್ರಿಯಿಡೀ, ಕಾಯುತ್ತಾ, ಆ ಅಂಗೈ —