ಹಾಲಿಳಿಸುವ ಹಾಡು

ಅತ್ತೆಯನ್ನು ಮಣ್ಣು ಮಾಡಿದ ಮರುವಾರ, ಸೋಮವಾರ ಬೆಳಿಗ್ಗೆ, ನನ್ನ ಗಂಡನ ಅಕ್ಕ ದೋಲಿನಾ ಹಗ್ಗ ಹಿಡಿದುಕೊಂಡು ನಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಳು.

"ಅಮ್ಮನ ಹಸು ಮಗಳಿಗೆ. ಏನೋ ತೋರ್ಮೊಡ್, ಹೌದೋ ಅಲ್ವೋ?"

ನನ್ನ ಗಂಡ ಪೈಪಿನ ಬೂದಿ ಕೆದಕುತ್ತಾ, "ಅದೂ... ಅಮ್ಮಂದೇ ತಾನೆ" ಅಂದ. ಸಮುದ್ರದ ಬಿರುಗಾಳಿಗೆ ಎದೆಯೊಡ್ಡಿ ದೋಣಿ ನಡೆಸುವ ಗಂಡಸು, ಅಕ್ಕನ ಮುಂದೆ ನೆಂದ ಬೆಕ್ಕು.

ಬ್ಲಾರಕ್ ಅತ್ತೆಯ ಹಸುವೇ, ನಿಜ. ಆದರೆ ಅದು ಹಣೆಯಲ್ಲಿ ಬಿಳಿ ಚುಕ್ಕಿಯಿದ್ದ ಕಂದು ಕರುವಾಗಿ ಹಿಮ ಬೀಳುವ ಮಾರ್ಚ್‌ನಲ್ಲಿ ಹುಟ್ಟಿದಾಗ, ಬಾಯಿಗೆ ಬೆರಳಿಟ್ಟು ಹಾಲು ಕುಡಿಯಲು ಕಲಿಸಿದವಳು ನಾನು. ಹಾಸಿಗೆ ಹಿಡಿದ ಅತ್ತೆಯ ಮೈಯನ್ನು ಏಳು ವರ್ಷ ತೊಳೆದವಳೂ ನಾನೇ. ದೋಲಿನಾಳ ಮನೆ ನಮ್ಮ ಹೊಲದ ಕಲ್ಲುಗೋಡೆಯ ಆಚೆಗಿದೆ. ಆ ಏಳು ವರ್ಷ ಅವಳು ಭಾನುವಾರ ಚರ್ಚಿನಿಂದ ಹಿಂದಿರುಗುವಾಗ ಬಂದು, ಕೈಗವಸು ಕೂಡ ಕಳಚದೆ, ತಾಯಿಯ ಮುಖ ನೋಡಿ ಹೋಗುತ್ತಿದ್ದಳು. ಕೊನೆಯ ದಿನ ಅತ್ತೆ ನನ್ನ ಮಣಿಕಟ್ಟು ಹಿಡಿದು, "ಬ್ಲಾರಕ್ ನಿಂದು, ಮುರ್ದಿನಾ" ಅಂದಿದ್ದಳು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬ ಪೈಪಿನ ಬೂದಿ ಕೆದಕುತ್ತಿದ್ದ.

ನಾನೇ ಹಸುವನ್ನು ಬಿಚ್ಚಿ ಹಗ್ಗ ಅವಳ ಕೈಗೆ ಕೊಟ್ಟೆ.

"ಹಾಲು ಚೆನ್ನಾಗಿ ಕೊಡುತ್ತಾ?" ಅಂದಳು.

"ಕೇಳೋ ಹಾಗೆ ಕೇಳಿದ್ರೆ ಕೊಡುತ್ತೆ ಅತ್ತಿಗೆ."

ಹಸು ಕೊಟ್ಟೆ, ಹಾಡು ಕೊಡಲಿಲ್ಲ. ನಮ್ಮ ದ್ವೀಪದ ಹಸುಗಳಿಗೆ ಹಾಲು ಕರೆಯುವಾಗ ಹಾಡಬೇಕು. ಒಮ್ಮೆ ಒಂದು ಹಾಡಿಗೆ ಒಗ್ಗಿದ ಹಸು ಬೇರೆಯದಕ್ಕೆ ಹಾಲಿಳಿಸುವುದಿಲ್ಲ. ಬ್ಲಾರಕ್ ಒಗ್ಗಿದ್ದು ನನ್ನ ತವರಿನ ಹಾಡಿಗೆ. ನನ್ನ ತವರು ಜಲಸಂಧಿಯಾಚೆಯ ಸಣ್ಣ ದ್ವೀಪ, ಆ ಧಾಟಿ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸ್ಕಾಟ್ಲೆಂಡಿನ ದೊಡ್ಡ ಬಂದರುಗಳಲ್ಲಿ ಹೆರಿಂಗ್ ಮೀನು ಸೀಳಲು ಹದಿನೈದನೇ ವಯಸ್ಸಿಗೇ ಹೋಗಿ ಬಂದ ದೋಲಿನಾಳಿಗಂತೂ, ನಾನು ದಿನಕ್ಕೆರಡು ಸಲ ಹಾಡಿದರೂ ಕಿವಿಗೊಡುವ ಪುರುಸೊತ್ತು ಎಂದೂ ಇರಲಿಲ್ಲ.

ಆ ಸಂಜೆ ಗೋಡೆಯ ಹತ್ತಿರ ಉಣ್ಣೆ ಹಿಂಜುತ್ತಾ ನಿಂತೆ. ಆಚೆ ಕೊಟ್ಟಿಗೆಯಲ್ಲಿ ಬಕೆಟ್ಟು ಉರುಳಿದ ಸದ್ದು, ಬೈಗುಳ, ಮತ್ತೆ ಬಕೆಟ್ಟು. ನಾಲಿಗೆಗೆ ಸಕ್ಕರೆ ಇಟ್ಟ ಹಾಗಾಯಿತು.

ಮರುದಿನ ನೆರೆಮನೆಯ ಮುದುಕಿ ಪೆಗಿ ಬಾವಿಕಟ್ಟೆಯಲ್ಲಿ ನಕ್ಕೂ ನಕ್ಕೂ ಕೆಮ್ಮಿದಳು. "ನಿನ್ನೆ ಮೀನಿನ ಹಾಡು, ಇವತ್ತು ಬೆಳಿಗ್ಗೆ ಮದುವೆ ಹಾಡು. ಸಂಜೆಗೆ ಚರಮಗೀತೆ ಹಾಡ್ತಾಳೋ ಏನೋ!"

ಆದರೆ ಆ ರಾತ್ರಿ ಬ್ಲಾರಕ್ ಕೂಗಿತು. ಹಾಲು ತುಂಬಿ ಬಿಗಿದ ಹಸುವಿನ ಕೂಗು ನನಗೆ ಗೊತ್ತು. ಬುಧವಾರವೂ ಕೂಗಿತು. ಗೋಡೆ ದಾಟಲು ಹತ್ತು ಹೆಜ್ಜೆ ಸಾಕಿತ್ತು. ನಾನು ಉಣ್ಣೆ ಹಿಂಜಿದೆ.

ಬುಧವಾರ ಸಂಜೆ ದೋಲಿನಾ ಕುಂಟುತ್ತಾ ಬಂದಳು. ಮೊಣಕಾಲಿನ ಕೆಳಗೆ ಗೊರಸಿನ ಗುರುತು ನೀಲಿಗಟ್ಟಿತ್ತು.

"ಏನು ಮಾಟ ಮಾಡಿದ್ದೀಯೇ ಅದಕ್ಕೆ?"

"ಮಾಟ ಅಲ್ಲ ಅತ್ತಿಗೆ, ಹಾಡು."

"ಹೇಳ್ಕೊಡು ಹಾಗಾದ್ರೆ. ಕೆಚ್ಚಲು ಕಲ್ಲಾಗಿದೆ."

"ಹೇಳ್ಕೊಡ್ತೀನಿ. ಆದ್ರೆ ಒಂದು ಪದ ಬಿಟ್ರೂ ಹಾಲಿಳಿಸಲ್ಲ."

ಧಾಟಿ ತವರಿನದು. ಪದಗಳನ್ನು ನಾನು ಮೂರು ದಿನದಲ್ಲಿ ಹೆಣೆದಿದ್ದೆ.

ಇಳಿಸು ಬ್ಲಾರಕ್, ಹಾಲನು ಇಳಿಸು,
ತಾಯಿಯ ಕಾಲನು ಒತ್ತದೆ ಹೋದೆ,
ತಮ್ಮನ ಮಡದಿಯ ಹಸುವನು ಕದ್ದೆ,
ಇಳಿಸು ಬ್ಲಾರಕ್, ಕಳ್ಳಿಗು ಇಳಿಸು.

ದೋಲಿನಾಳ ಮುಖ ಒಲೆಯ ಕೆಂಡದ ಹಾಗಾಯಿತು. "ಇದಾ ಹಾಡು?"

"ಬೇಡ ಅಂದ್ರೆ ಬಿಡಿ."

ಆಚೆಯಿಂದ ಬ್ಲಾರಕ್ ಕೂಗಿತು. ದೋಲಿನಾ ಒಂದು ಸಲ ಆ ಕಡೆ ನೋಡಿದಳು, ಒಂದು ಸಲ ನನ್ನ ಕಡೆ. ಆಮೇಲೆ ಕೊಟ್ಟಿಗೆಗೆ ಹೋಗಿ, ಹಲ್ಲು ಕಚ್ಚಿಕೊಂಡು ಹಾಡಿದಳು. ಹಾಲು ಸೊರ್ರೆಂದು ಬಕೆಟ್ಟಿಗೆ ಬಿತ್ತು.

ಅವಳ ಗಂಟಲು ದೊಡ್ಡದು. ಗಾಳಿ ಬೇರೆ ಊರಿನ ಕಡೆಗೇ ಬೀಸುತ್ತಿತ್ತು. ಗುರುವಾರ, ಶುಕ್ರವಾರ, ಶನಿವಾರ, ದಿನಕ್ಕೆರಡು ಸಲ. ಒಲೆಗೆ ಉರುವಲೆಂದು ಜೌಗುಮಣ್ಣು ಕೊಯ್ಯುತ್ತಿದ್ದವರು ಗುದ್ದಲಿ ಊರಿ ನಿಂತು ಕೇಳುತ್ತಿದ್ದರು. "ಇನ್ನು ನಮಗೆ ಗಡಿಯಾರ ಬೇಡಮ್ಮಾ," ಅಂದಳು ಪೆಗಿ. "ಕಳ್ಳಿ ಹಾಡಿದ್ಲು ಅಂದ್ರೆ ಆಲೂಗಡ್ಡೆ ಒಲೆಗಿಡೋ ಹೊತ್ತು."

"ಸಾಕು ಮಾಡೇ," ಅಂದ ತೋರ್ಮೊಡ್.

"ಅವತ್ತು ನೀವು ಒಂದು ಮಾತು ಆಡಿದ್ದಿದ್ರೆ ಅವಳು ಇಷ್ಟು ಹಾಡಬೇಕಿರಲಿಲ್ಲ."

ನಾನು ಮರೆತದ್ದು ಭಾನುವಾರವನ್ನು. ನಮ್ಮಲ್ಲಿ ಅಂದು ಬಟ್ಟೆ ಒಗೆಯುವ ಹಾಗಿಲ್ಲ, ಸಿಳ್ಳೆ ಹಾಕುವ ಹಾಗಿಲ್ಲ, ದೇವರ ಕೀರ್ತನೆ ಬಿಟ್ಟರೆ ಬೇರೇನನ್ನೂ ಹಾಡುವ ಹಾಗಿಲ್ಲ. ಹಾಲು ಕರೆಯಬಹುದು, ಕೆಚ್ಚಲಿಗೆ ವಾರ ತಿಳಿಯದಲ್ಲ. ಚರ್ಚಿಗೆ ಹೋಗುವ ಕಪ್ಪು ಬಟ್ಟೆ ಉಟ್ಟುಕೊಂಡು ಗೋಡೆಯ ಹತ್ತಿರ ನಿಂತೆ, ಬಕೆಟ್ಟು ಉರುಳುವುದನ್ನು ಕೇಳೋಣವೆಂದು. ಕೇಳಿಸಿದ್ದು ನನ್ನ ತವರಿನ ಧಾಟಿ, ಅದರ ಮೇಲೆ ಪಾದ್ರಿ ಹೇಳಿಕೊಟ್ಟ ಕೀರ್ತನೆಯ ಪದಗಳು. ಅದರ ಹಿಂದೆಯೇ ಸೊರ್ರೆಂದು ಹಾಲು.

ಹಸುವಿಗೆ ಪದಗಳ ಹಂಗು ಎಂದೂ ಇರಲಿಲ್ಲ. ಅದು ಈಗ ದೋಲಿನಾಳಿಗೂ ಗೊತ್ತಾಯಿತು.

ಸೋಮವಾರ ಅವಳು ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹಾಡಿದಳು.

ಇಳಿಸು ಬ್ಲಾರಕ್, ಹಾಲನು ಇಳಿಸು,
ಎರಡು ದಿನವೂ ಕೂಗಿದೆ ನೀನು,
ಗೋಡೆಯ ಮರೆಯಲಿ ಉಣ್ಣೆಯ ಹಿಂಜುತ
ಸಾಕಿದ ಕೈಯೇ ಬಾರದೆ ಹೋಯ್ತು.

ನನ್ನ ಹಾಡಿನಲ್ಲಿ ಸುಳ್ಳಿರಲಿಲ್ಲ. ಅವಳದರಲ್ಲೂ ಇರಲಿಲ್ಲ. ಮರುದಿನ ಬಾವಿಕಟ್ಟೆಯಲ್ಲಿ ಪೆಗಿ ನಗಲಿಲ್ಲ, ಕೊಡ ತುಂಬಿಕೊಂಡು ಮನೆಗೆ ಹೋದಳು. ತೋರ್ಮೊಡ್ ತಾನೇ ಚಹಾ ಮಾಡಿ ತಂದು ನನ್ನ ಮುಂದಿಟ್ಟ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅದೇ ಮೊದಲು. ಆ ಚಹಾ ಹಾಗೇ ಆರಿಹೋಯಿತು. ದೋಲಿನಾ ಆ ಬೇಸಿಗೆಯಿಡೀ ಹಾಡಿದಳು.

ಮುಂದಿನ ಮಾರ್ಚ್‌ನಲ್ಲಿ ಬ್ಲಾರಕ್ ಹೆಣ್ಣುಗರು ಹಾಕಿತು. ಹಣೆಯಲ್ಲಿ ಅದೇ ಬಿಳಿ ಚುಕ್ಕಿ. ದೋಲಿನಾ ಅದನ್ನು ಗೋಡೆಯ ಬುಡದಲ್ಲೇ ಕಟ್ಟುತ್ತಾಳೆ, ಅಲ್ಲಿ ಗಾಳಿ ಕಡಿಮೆ. ದಿನಾ ಮಧ್ಯಾಹ್ನ ನಾನು ಓಟ್ಸ್ ರೊಟ್ಟಿಯ ಚೂರು ಹಿಡಿದು ಹೋಗುತ್ತೇನೆ, ಗೋಡೆಯ ಮೇಲೆ ಬಾಗಿ ಅದರ ಕಿವಿಯ ಹಿಂದೆ ತುರಿಸುತ್ತಾ ಸಣ್ಣಗೆ ಗುನುಗುತ್ತೇನೆ. ಇದು ನನ್ನ ಅಜ್ಜಿಯ ಧಾಟಿ, ಬ್ಲಾರಕ್ ಒಗ್ಗಿದ್ದ ಅಮ್ಮನದಲ್ಲ. ನನ್ನ ತವರಿನಲ್ಲಿ ಹಾಡುಗಳಿಗೆ ಬರವಿಲ್ಲ.

ಮೊನ್ನೆ ದೋಲಿನಾ ಬಾಗಿಲಿನಿಂದಲೇ ಕೂಗಿದಳು. "ಏನು ತಿನ್ನಿಸ್ತಿದ್ದೀಯೇ ನನ್ನ ಕರುವಿಗೆ?"

"ರೊಟ್ಟಿ ಚೂರು ಅತ್ತಿಗೆ. ಎಳೆಗರು, ಪಾಪ."

"ಕೊಡು, ಕೊಡು. ಗಟ್ಟಿಯಾಗಿ ಬೆಳೀಲಿ."

ಅದು ಕರು ಹಾಕಿ ಹಾಲಿಗೆ ಬರಲು ಇನ್ನೂ ಎರಡು ವರ್ಷ ಬೇಕು. ನನಗೆ ಅವಸರವಿಲ್ಲ. ನನ್ನ ಹೆಜ್ಜೆಯ ಸದ್ದಿಗೇ ಅದು ಕಿವಿ ನಿಮಿರಿಸುತ್ತದೆ, ಗುನುಗಲು ಶುರು ಮಾಡಿದರೆ ಕಣ್ಣು ಅರೆಮುಚ್ಚುತ್ತದೆ. ಕೆಚ್ಚಲು ಮೂಡಲಿರುವ ಜಾಗದತ್ತ ನಾನು ನೋಡುವುದಿಲ್ಲ. ಹಣೆಯ ಬಿಳಿ ಚುಕ್ಕಿಯನ್ನಷ್ಟೇ ನೋಡುತ್ತೇನೆ.