ಬಾಗಿಲಿಗಿಂತ ನಾಲ್ಕು ಬೆರಳು ಅಗಲ

ಅವಳು ನೆಲಕ್ಕೆ ಮೊಣಕಾಲೂರಿ ವೆಲ್ಡಿಂಗ್ ಮಷಿನ್ನಿನ ಗಾಡಿಯ ಚಕ್ರಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಡುತ್ತಿದ್ದಳು. ಅಮ್ಮನನ್ನು ಮಣ್ಣು ಮಾಡಿ ಬಂದವರು ಅದೇ ಮುಂದಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ದೊಡ್ಡಪ್ಪ ಎದ್ದು ಬಂದು ಗಾಡಿಯ ಹಿಡಿಗೆ ಕೈ ಹಾಕಿದ.

"ವ್ಯಾನ್ ಹೇಗೂ ಬಂದಿದೆ, ಈ ಮಷಿನ್ ತಗೊಂಡು ಹೋಗ್ತೀನಿ. ಹೆಣ್ಣುಹುಡುಗಿ, ನಿನಗ್ಯಾಕಮ್ಮ ಬೆಂಕಿ ಸಹವಾಸ?"

ಅವಳು ಇನ್ನೊಂದು ಚಕ್ರಕ್ಕೆ ಎಣ್ಣೆ ಬಿಟ್ಟಳು. ಶಾಲೆ ಬಿಟ್ಟ ಮೇಲೆ ಅಮ್ಮನ ಪಕ್ಕ ನಿಂತು ಕಲಿತದ್ದು ಇದೊಂದೇ ಕೆಲಸ. ಮಷಿನ್ ಹೋದರೆ ಅವಳ ಅನ್ನವೂ ಹೋದಂತೆ.

ದೊಡ್ಡಪ್ಪ ತಳ್ಳಿದ. ಗಾಡಿ ಸಲೀಸಾಗಿ ಉರುಳಿ ಬಾಗಿಲಿಗೆ ಬಡಿದು ಠಣ್ಣೆಂದು ನಿಂತಿತು. ವ್ಯಾನ್ ಡ್ರೈವರನನ್ನು ಕರೆದು ಓರೆ ಮಾಡಿಸಿದ, ಮಗುಚಿಸಿದ. ಊಹೂಂ.

"ಬೀಗದವರೇ, ಒಂದು ಕೈ ಹಾಕಿ."

ಎದುರು ಅಂಗಡಿಯ ಬೀಗ ರಿಪೇರಿಯವನು ಕಟ್ಟಿದ ಕೈ ಬಿಚ್ಚಲಿಲ್ಲ. "ಯಾವ ಬೀಗ ಬೇಕಾದ್ರೂ ತೆಗೀತೀನಿ ಸ್ವಾಮಿ. ಇದು ಕಿಡಿಯಮ್ಮ ಹಾಕಿದ ಬೀಗ."

ಅಮ್ಮನಿಗೆ ಬೀದಿ ಇಟ್ಟ ಹೆಸರು ಅದು. ಬೀದಿಯ ಅರ್ಧ ಗೇಟುಗಳು ಅವಳ ಕೈಯವು.

"ಅವಳು ಇದೇ ಬಾಗಿಲಲ್ಲಿ ಸುಮ್ಮನೆ ಹೋದ್ಲು. ಗಾಡಿಗೆ ಮಾತ್ರ ಹಠ ನೋಡಿ," ಎಂದು ಪಕ್ಕದ ಮನೆಯ ಟೈಲರಕ್ಕ ಬಾಯಿಗೆ ಕೈ ಒತ್ತಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ.

*

ಅಪ್ಪ ಸತ್ತ ವಾರ ದೊಡ್ಡಪ್ಪ ಡ್ರಿಲ್ಲಿಂಗ್ ಮಷಿನ್ನನ್ನು "ಎರಡೇ ದಿನ" ಎಂದು ಒಯ್ದಿದ್ದ. ಅದು ತಿರುಗಿ ಬರಲಿಲ್ಲ. ಆಮೇಲೆಯೇ ಅಮ್ಮ ಹಳೆ ಮಂಚದ ಕಬ್ಬಿಣ, ಮುರಿದ ಸ್ಟ್ರೆಚರಿನ ಚಕ್ರ ಕೂಡಿಹಾಕಿ ಕೋಣೆಯೊಳಗೇ ಗಾಡಿ ಕಟ್ಟಿದ್ದು. ಗಾಡಿ ಕಿಟಕಿಯವರೆಗೆ ಉರುಳಿದರೆ ಸಾಕು, ಕೇಬಲ್ಲು ಹೊರಗಿಳಿದು ಬೀದಿಯ ಕೆಲಸ ನಡೆಯುತ್ತಿತ್ತು.

"ಅಮ್ಮಾ, ಅಳತೆ ತಪ್ಪಿದೆ. ಬಾಗಿಲಿಗಿಂತ ನಾಲ್ಕು ಬೆರಳು ಜಾಸ್ತಿ."

"ತಪ್ಪಲಿ ಬಿಡೇ."

"ಬೀದಿಯವರು ನಗ್ತಾರೆ."

"ನಗಲಿ. ನಗೋರು ಯಾರೂ ಹೊತ್ಕೊಂಡು ಹೋಗಲ್ಲ."

ಅಷ್ಟು ಹೇಳಿ ಅಮ್ಮ ಮಷಿನ್ನಿನ ನಾಲ್ಕು ಕಾಲನ್ನೂ ಗಾಡಿಗೆ ಬೆಸೆದುಬಿಟ್ಟಳು.

*

"ಬಾಗಿಲಿಗೆ ತಾಗೋ ಈ ಹಿಡಿ ಕತ್ತರಿಸಿದ್ರೆ ಆಯ್ತು," ದೊಡ್ಡಪ್ಪ ಬೆವರೊರೆಸಿಕೊಂಡ. "ಕೆಲಸ ಬಲ್ಲವಳು ನೀನು, ಕತ್ತರಿಸಿಕೊಡು ಮಗಳೇ."

ಅವಳು ಎದ್ದು ಅಮ್ಮನ ವೆಲ್ಡಿಂಗ್ ಮುಖವಾಡವನ್ನು ತಲೆಗೇರಿಸಿದಳು.

"ಜಾಣೆ! ಅವಳಮ್ಮನ ಹಾಗಲ್ಲ," ದೊಡ್ಡಪ್ಪನ ಮುಖ ಅರಳಿತು.

ಅವಳು ಗಾಡಿಯನ್ನು ಕಿಟಕಿಯ ಬಳಿಗೆ ಎಳೆದು ಪ್ಲಗ್ ಹಾಕಿದಳು. ಕತ್ತರಿಸುವ ಮಷಿನ್ ಗೂಟದಲ್ಲೇ ತೂಗುತ್ತಿತ್ತು. ಅದರ ಕಡೆ ಅವಳ ಕೈ ಹೋಗಲಿಲ್ಲ. ಮೂಲೆಯ ಉದ್ದದ ಸರಳೊಂದನ್ನು ಎತ್ತಿ ಹಿಡಿಗೆ ಅಡ್ಡಲಾಗಿ ಇಟ್ಟಳು. ಎರಡೂ ಬದಿಗೆ ಅದು ಒಂದೊಂದು ಗೇಣು ಆಚೆ ಚಾಚಿತ್ತು.

ಮುಖವಾಡ ಇಳಿಯಿತು. ಚರ್ರೆಂದು ನೀಲಿ ಬೆಳಕು ಗೋಡೆ ತುಂಬಿತು, ಸರಳು ಹಿಡಿಗೆ ಬೆಸೆದುಕೊಳ್ಳತೊಡಗಿತು. ಬೀಗದವನೂ ಟೈಲರಕ್ಕನೂ ಮುಖ ತಿರುಗಿಸಿ ನಿಂತರೇ ಹೊರತು ಯಾರೂ ಆಚೆ ಹೋಗಲಿಲ್ಲ. ಕಿಡಿಗಳು ದೊಡ್ಡಪ್ಪನ ಕಾಲ ಬುಡದವರೆಗೂ ಹಾರಿ ಬಂದವು.

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ.

"ಅದನ್ನ ಸ್ವಲ್ಪ ನಿಲ್ಸಮ್ಮ."