ಸಾವಳಗಿ ಗುಡಿಯ ಮುಂದೆ ನಾಲ್ಕು ಬಿಳಿ ಗಾಡಿ

ನನ್ನ ಗಂಡ ಪರಮೇಶ ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು. ಅಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಚಕ್ರಕ್ಕೆ ಹಾಕಿದವನಲ್ಲ. ಇದನ್ನು ಹೆಂಡತಿಯ ಅಭಿಮಾನದಿಂದ ಹೇಳುತ್ತಿಲ್ಲ. ಅವನ ಬೇರೆ ಗುಣಗಳ ಬಗ್ಗೆ ಕೇಳಿದರೆ ಅರ್ಧ ದಿನ ಕೂತು ದೂರು ಹೇಳಬಲ್ಲೆ. ಗಾಡಿಯ ವಿಷಯದಲ್ಲಿ ಮಾತ್ರ ಅವನು ಚೊಕ್ಕ. ಅಂಥವನ ಮೇಲೆ 2013ರ ನವೆಂಬರಿನಲ್ಲಿ, ಹಾಡಹಗಲೇ ನಿದ್ದೆ ಹೊಡೆದು ಗಾಡಿ ಗುದ್ದಿಸಿದ ಎಂಬ ಮಾತು ಬಂತು.

ಗಾಡಿ ನಮ್ಮ ಸಾವಳಗಿಯ ಶಿದ್ರಾಮಪ್ಪ ಸಾಹುಕಾರರದು. ದ್ರಾಕ್ಷಿ, ಕಬ್ಬು ಎರಡೂ ಬೆಳೆಯುವ ಮನೆ. ಆ ವರ್ಷ ಅವರು ಏಳು ಜನ ಕೂರುವ ಭಾರಿ ಬಿಳಿ ಗಾಡಿ ತಂದರು. ಚರ್ಮದ ಸೀಟು, ನೆತ್ತಿಯ ಮೇಲೆ ಗಾಜಿನ ಕಿಟಕಿ, ಬಾಗಿಲು ಹಾಕಿದರೆ ಹೊರಗಿನ ಲೋಕವೇ ಕೇಳಿಸದಷ್ಟು ಸದ್ದಿಲ್ಲದ ಒಳಗು. ಅದು ಬಂದ ದಿನ ಅರ್ಧ ಊರು ಅದನ್ನು ಮುಟ್ಟಿ ನೋಡಿತು. ಪರಮೇಶ ಅದನ್ನು ಒರೆಸುತ್ತಿದ್ದ ಪ್ರೀತಿಯನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ದಿನ ಅವನು ಸಾಹುಕಾರರ ಹೆಂಡತಿ ಇಂದ್ರವ್ವನವರನ್ನು ಗಲಗಲಿಯ ತವರಿಗೆ ಕರೆದೊಯ್ಯುತ್ತಿದ್ದ. ಕಬ್ಬಿನ ಸುಗ್ಗಿ. ಗಲಗಲಿಗೆ ಇನ್ನೂ ಮೂರು ಮೈಲಿ ಇದ್ದಾಗ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ಸಿಕ್ಕಿತು. ಅದರ ಹಿಂದೆ ವೇಗ ಇಳಿಸಿದ್ದೇ ತಡ, ಎಂಜಿನ್ ನಿಂತುಹೋಯಿತು. ಎಂಜಿನ್ ನಿಂತರೆ ಅಂಥ ಗಾಡಿಯಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕು ಒಂದೆರಡು ಸಲ ತುಳಿದ ಮೇಲೆ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಜಾರಿದ ಗಾಡಿಯನ್ನು ಅವನು ಹೇಗೋ ಎಡಕ್ಕೆ ಎಳೆದ. ಅದು ರಸ್ತೆ ಬದಿಯ ಜಾಲಿ ಗಿಡಕ್ಕೆ ಗುದ್ದಿತು. ಇಂದ್ರವ್ವನವರ ಮುಂಗೈ ಮುರಿಯಿತು.

ಇದು ಪರಮೇಶ ಹೇಳಿದ ಕಥೆ. ಆದರೆ ಗಾಡಿಯನ್ನು ಎಳೆದುಕೊಂಡು ಹೋಗಿ ಶೋರೂಮಿನಲ್ಲಿ ನಿಲ್ಲಿಸಿದಾಗ ಅದು ಒಂದೇ ಸಲಕ್ಕೆ ಚಾಲೂ ಆಯಿತು. ಏನೂ ಆಗದವರ ಹಾಗೆ ಗುಂಯ್ ಎನ್ನುತ್ತಿತ್ತಂತೆ. ಶೋರೂಮಿನವರು ನಕ್ಕರು. "ಈ ಗಾಡಿ ಬಗ್ಗೆ ಇಡೀ ಜಿಲ್ಲೆಯಿಂದ ಇಂಥ ದೂರು ಒಂದೂ ಬಂದಿಲ್ಲ. ನಿಮ್ಮ ಡ್ರೈವರಿಗೆ ಕಣ್ಣು ಹತ್ತಿರಬೇಕು," ಎಂದು ಹೇಳಿ ಅದನ್ನೇ ಕಾಗದದಲ್ಲಿ ಬರೆದೂ ಕೊಟ್ಟರು. ಇಂದ್ರವ್ವನವರನ್ನು ಕೇಳಿದರೆ ಅವರು ಹಿಂದಿನ ಸೀಟಿನಲ್ಲಿ ತಾವೇ ಮಲಗಿದ್ದರು. "ನನಗ ಎಚ್ಚರ ಆದದ್ದ ಗುದ್ದಿದ ಮ್ಯಾಲೆ. ಅವ ಮಲಗಿದ್ನೋ ಎಚ್ಚರ ಇದ್ನೋ, ದೇವರಾಣಿ ನಂಗ ಗೊತ್ತಿಲ್ಲ," ಎಂದರು. ಹಿಂದಿನ ರಾತ್ರಿಯಷ್ಟೇ ಪರಮೇಶ ಸೊಲ್ಲಾಪುರದ ಮದುವೆ ಮುಗಿಸಿ ಎಲ್ಲರನ್ನೂ ತಂದು ಮನೆ ಮುಟ್ಟಿಸಿದ್ದ. ಮಲಗಿದ್ದು ಮೂರು ತಾಸು. ಸಾಹುಕಾರರು ಬೈಯಲಿಲ್ಲ, ಬರಬೇಡ ಎಂದಷ್ಟೇ ಹೇಳಿದರು.

ಆ ಸಂಜೆ ನಾನೂ ಕೇಳಿಬಿಟ್ಟೆ. "ಖರೆ ಹೇಳ್ರಿ, ಕಣ್ಣ ಹತ್ತಿದ್ದುವೇನು?"

"ಇಲ್ಲ," ಎಂದ. ಎಂಟು ದಿನ ಬಿಟ್ಟು ಊಟ ಮಾಡುತ್ತ ಕೂತವನು ತಾನಾಗಿಯೇ, "ಅನು, ನಂಗ ಗೊತ್ತಿಲ್ಲ. ಹತ್ತಿರಬಹುದು," ಎಂದ. ಊರು ಅಂದದ್ದು ಬೇರೆ. ನಾನು ಕೇಳಿದ್ದರಿಂದಲೇ ಅವನಿಗೆ ಅವನ ಕಣ್ಣಿನ ಮೇಲೆ ನಂಬಿಕೆ ಹೋಯಿತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅಲ್ಲಿಂದ ಅವನು ಗಾಡಿ ಮುಟ್ಟಲಿಲ್ಲ. ಪಕ್ಕದ ಮನೆಯವರು ಟ್ರ್ಯಾಕ್ಟರು ಓಡಿಸು ಎಂದರು, ಒಲ್ಲೆ ಎಂದ. ಹಗಲು ತೂಕಡಿಕೆ ಬಂದರೆ ಬೆಚ್ಚಿ ಎದ್ದು ಹೋಗಿ ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದ. ರಾತ್ರಿಯೂ ಸರಿಯಾಗಿ ಮಲಗುತ್ತಿರಲಿಲ್ಲ. ಮೂವತ್ತಾರರ ಗಂಡಸು ತನ್ನ ಕಣ್ಣುಗಳನ್ನು ತಾನೇ ಕಾಯುತ್ತ ಕೂತಿದ್ದ.

ನನ್ನ ಮಾವ ಗಿರಮಲ್ಲಪ್ಪ ಊರ ಹೊರಗಿನ ಬೀರೇಶ್ವರ ಗುಡಿಯ ಪೂಜಾರಿ. ಗುಡಿಯ ಮುಂದೆ ನಮ್ಮದೊಂದು ತೆಂಗಿನಕಾಯಿ, ಲಿಂಬೆಹಣ್ಣಿನ ಅಂಗಡಿ ಇದೆ. ಅಮಾವಾಸ್ಯೆ ಬಂತೆಂದರೆ ಸುತ್ತಲಿನ ಊರುಗಳ ಗಾಡಿಗಳೆಲ್ಲ ಪೂಜೆಗೆ ಬರುತ್ತವೆ. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು, ಒಂದು ಕಾಯಿ, ಮೇಲೆ ಭಂಡಾರದ ಅರಿಶಿನ. ಇದು ಎಲ್ಲರಿಗೂ. ಆದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಬೇರೆ ಪೂಜೆ. ಅತ್ತೆ ಯಲ್ಲಕ್ಕ ಕರಿ ಕುರಿಯ ಉಣ್ಣೆಯಿಂದ ಹೊಸೆದ ದಾರವನ್ನು ಮಾವ ಅದರ ಸ್ಟೇರಿಂಗಿಗೆ ಕಟ್ಟುತ್ತಾರೆ. ಕಟ್ಟುವ ಮುಂಚೆ ಗಾಡಿ ಎಲ್ಲಿ ನಿಂತಿತು, ಹೇಗೆ ನಿಂತಿತು ಎಂದು ಮಾಲೀಕನು ದೇವರ ಮುಂದೆ ಹೇಳಬೇಕು. ಹಾಗೆ ಹೇಳಿದ್ದನ್ನು ಪೂಜಾರಿ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ.

ಎಳ್ಳಮಾವಾಸ್ಯೆಯ ದಿನ ನಸುಕಿನಲ್ಲೇ ನಾನು ಅಂಗಡಿ ತೆಗೆದೆ. ಇನ್ನೂ ಮಂದಿ ಬಂದಿರಲಿಲ್ಲ. ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಬಂದರು. ಅವರ ಗಾಡಿ ನೋಡಿ ನನ್ನ ಕೈಯಲ್ಲಿದ್ದ ಕಾಯಿ ಜಾರಿತು; ಸಾಹುಕಾರರ ಗಾಡಿಯ ಅವಳಿಯಂತಿತ್ತು, ಅದೇ ಬಿಳಿ ಬಣ್ಣ. ಮಾವ ಅದಕ್ಕೆ ಕರಿ ದಾರ ಕಟ್ಟಿದರು. ಅದು ಹೋಗಿ ಅರ್ಧ ತಾಸಿಗೆ ಮುಧೋಳದ ಕಂತ್ರಾಟದಾರ ಹಣಮಪ್ಪ ಬಂದರು. ಅದೇ ಗಾಡಿ, ಅದಕ್ಕೂ ಕರಿ ದಾರ. ಬಿಸಿಲೇರುವ ಮುಂಚೆ ಬೀಳಗಿಯ ಡಾಕ್ಟರೊಬ್ಬರು ಬಂದು ಹೋದರು. ಅವರ ಗಾಡಿಯೂ ಅದೇ, ದಾರವೂ ಅದೇ. ಅವರವರ ಊರಲ್ಲೂ ದೇವರಿದ್ದಾನೆ. ಆದರೆ ಅಲ್ಲಿ ಕರಿ ದಾರ ಕಟ್ಟಿಸಿದರೆ, ಇಷ್ಟು ದೊಡ್ಡ ಗಾಡಿ ತಂದು ದಾರಿಯಲ್ಲಿ ನಿಂತನಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದಕ್ಕೇ ಪರಊರಿನ ಗುಡಿ, ಅದಕ್ಕೇ ನಸುಕು.

ನಮ್ಮಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ. ಒಂದು ಮಗ್ಗ ಕೈಕೊಟ್ಟರೆ ಅವನು ನೇಕಾರನನ್ನು ನಾಲ್ಕು ಮಾತು ಕೇಳುತ್ತಿದ್ದ. ಒಂದೇ ಕಾರ್ಖಾನೆಯ ನಾಲ್ಕು ಮಗ್ಗ ಒಂದೇ ರೀತಿ ಕೈಕೊಟ್ಟರೆ ಯಾರನ್ನೂ ಕೇಳದೆ ಮಗ್ಗ ಬಿಚ್ಚುತ್ತಿದ್ದ. ಆ ಮನೆಯಲ್ಲಿ ಬೆಳೆದವಳು ನಾನು. ಪೂಜೆ ಮುಗಿಯುವವರೆಗೂ ತಡೆದುಕೊಂಡದ್ದೇ ದೊಡ್ಡದು.

"ಮಾಂವಾರ, ಆ ಮೂರು ಗಾಡಿ ಹ್ಯಾಂಗ ನಿಂತುವಂತ?"

"ದೇವರ ಮುಂದ ಹೇಳಿದ ಮಾತವ್ವಾ. ನಾ ಹೇಳಾಂಗಿಲ್ಲ."

"ನಿಮ್ಮ ಮಗ ಮೂಲಿ ಹಿಡದು ಕುಂತಾನ್ರಿ."

"ನನಗ ಕಣ್ಣಿಲ್ಲಂತ ತಿಳದೀಯೇನು?" ಮಾವನ ದನಿ ಏರಿತು. ಅವರು ನನ್ನ ಮೇಲೆ ರೇಗಿದ್ದು ಅದೇ ಮೊದಲು.

ನಾನೂ ಬಿಡಲಿಲ್ಲ. "ಹೇಳಬ್ಯಾಡ್ರಿ. ಒಂದ ಮಾತ ವಿಚಾರ ಮಾಡ್ರಿ. ಮೂರು ಗಾಡಿ, ಸಾವಕಾರ್ರದು ಸೇರಿದ್ರ ನಾಕು. ನಾಕೂ ಒಂದ ಕಂಪನೀವು, ಒಂದ ನಮೂನಿ. ನಾಕಕ್ಕೂ ದೃಷ್ಟಿ ಆತೇನ್ರಿ? ನಾಕೂ ಡ್ರೈವರಗೋಳು ಮಲಗಿದ್ರೇನ್ರಿ?"

ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡರು. ಪಾಪ, ಅವರು ಬಂದವರ ಮುಖ ನೋಡುವವರು, ಗಾಡಿ ನೋಡುವವರಲ್ಲ. ಎಲ್ಲರಿಗೂ ದೃಷ್ಟಿಯಾಗಿದೆ ಎಂದು ಭಂಡಾರ ಹಚ್ಚಿ ಕಳಿಸಿದ್ದರು. ನಾಲ್ಕೂ ಒಂದೇ ಗಾಡಿ ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ.

"ಹೇಳಾಕ ನನಗ ಬರೂದಿಲ್ಲ," ಎಂದರು ಕೊನೆಗೆ. "ಪೂಜಿ ವ್ಯಾಳ್ಯಾ ಇಡೂದು ಮಾತ್ರ ನನ್ನ ಕೈಯಾಗೈತಿ."

ಅದಕ್ಕೂ ಅವರು ದೇವರ ಅಪ್ಪಣೆ ಕೇಳಿದರು. ಲಿಂಗದ ಎಡಕ್ಕೊಂದು, ಬಲಕ್ಕೊಂದು ಹೂ ಇಟ್ಟು ಕೈಮುಗಿದು ಕೂತರು. ಹೂ ಬಲಕ್ಕೇ ಬಿತ್ತು; ಅಪ್ಪಣೆ ಸಿಕ್ಕಿತು. ಬಲಗಡೆಯ ಹೂವನ್ನು ಅಷ್ಟು ಅಂಚಿಗೆ ಯಾಕೆ ಇಟ್ಟಿದ್ದಿರಿ ಎಂದು ನಾನು ಕೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾಲ್ವರಿಗೂ ಫೋನ್ ಹೋಯಿತು: ಮೂವರು ದಾರ ಬದಲಿಸಬೇಕು, ಸಾಹುಕಾರರು ಹೊಸದಾಗಿ ಕಟ್ಟಿಸಬೇಕು, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರಬೇಕು, ವೇಳೆ ತಪ್ಪಿದರೆ ಫಲವಿಲ್ಲ. ದೇವರ ಕೆಲಸಕ್ಕೆ ನಮ್ಮ ಜನ ಎಂದೂ ಬರದಷ್ಟು ಸರಿಯಾಗಿ ಅಂದು ಬಂದರು. ಏಳು ಹತ್ತಕ್ಕೆ ಗುಡಿಯ ಮುಂದೆ ನಾಲ್ಕು ಬಿಳಿ ಗಾಡಿ ಸಾಲಾಗಿ ನಿಂತಿದ್ದವು. ನಾಲ್ವರು ಮಾಲೀಕರು ಒಬ್ಬರ ಗಾಡಿಯನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ, ಆಕಾಶ ನೋಡುತ್ತ, ಗಂಟಲು ಸರಿಮಾಡಿಕೊಳ್ಳುತ್ತ ನಿಂತರು. ನನಗೆ ನಗು ತಡೆಯಲಾಗದೆ ಲಿಂಬೆಹಣ್ಣಿನ ಬುಟ್ಟಿಯೊಳಗೆ ಮುಖ ಹಾಕಿದೆ.

"ನೀವ್ಯಾಕ್ರಿ ಇಲ್ಲಿ?" ಎಂದು ಶಿದ್ರಾಮಪ್ಪನವರು ಕೇಳಿದರು.

"ಸುಮ್ನ, ದೇವರಿಗೆ," ಎಂದರು ಹಣಮಪ್ಪ.

ಡಾಕ್ಟರು ನಾಚಿಕೆ ಬಿಟ್ಟರು. ಮುಂದೆ ಹೋಗಿ ಹಣಮಪ್ಪನವರ ಗಾಡಿಯ ಕಿಟಕಿಯಲ್ಲಿ ಇಣುಕಿ ನೋಡಿ, "ನಿಮ್ಮ ಸ್ಟೇರಿಂಗಿಗೂ ಕರಿ ದಾರ ಐತಲ್ರಿ. ನಂದು ಎರಡ ಸಲ ನಿಂತೈತ್ರಿ. ಎರಡೂ ಸಲ ಕಬ್ಬಿನ ಟ್ರ್ಯಾಕ್ಟರ ಹಿಂದ," ಎಂದರು.

"ಕಬ್ಬಿನ ಟ್ರ್ಯಾಕ್ಟರ ಹಿಂದ?" ಶಿದ್ರಾಮಪ್ಪನವರ ಮುಖ ಇಳಿಯಿತು.

ಆಮೇಲೆ ಮಾತು ನಿಲ್ಲಲಿಲ್ಲ. ಎಲ್ಲರಿಗೂ ಅದೇ ಆಗಿತ್ತು. ಏಸಿ ಹಾಕಿಕೊಂಡು ತಾಸುಗಟ್ಟಲೆ ಓಡಿದ ಮೇಲೆ ಯಾವುದರದೋ ಹಿಂದೆ ನಿಧಾನ ಆದರೆ ಎಂಜಿನ್ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ತಾನೇ ಚಾಲೂ ಆಗುತ್ತದೆ. ಶೋರೂಮಿನವರು ನಾಲ್ವರಿಗೂ ಹೇಳಿದ್ದು ಒಂದೇ ಮಾತು: ಇಡೀ ಜಿಲ್ಲೆಯಲ್ಲಿ ಇಂಥ ದೂರು ನಿಮ್ಮದೊಂದೇ. ನಾಲ್ವರೂ ಅದನ್ನು ನಂಬಿ ತಮ್ಮ ತಮ್ಮ ಡ್ರೈವರನನ್ನು ಮನೆಗೆ ಕಳಿಸಿದ್ದರು. ಶಿದ್ರಾಮಪ್ಪನವರು ನನ್ನ ಕಡೆ ತಿರುಗಿ ನೋಡಿದರು. ನಾನು ಬೇಕೆಂದೇ ಅವರನ್ನು ನೆಟ್ಟಗೆ ನೋಡಿದೆ.

ಗುಡಿಯ ಕಟ್ಟೆಯ ಮೇಲೇ ಅರ್ಜಿ ಬರೆದರು. ನಾಲ್ವರ ಸಹಿ ಬಿದ್ದ ಅರ್ಜಿ ಕಂಪನಿಯ ದೊಡ್ಡ ಕಚೇರಿಗೆ ಹೋಯಿತು, ಅದರ ನಕಲು ಗ್ರಾಹಕರ ವೇದಿಕೆಗೆ. ಹದಿನೈದು ದಿನಕ್ಕೆ ಪುಣೆಯಿಂದ ಎಂಜಿನಿಯರ್ ಬಂದ. ವಿಜಯಪುರದ ಕಡೆಯ ಹುಡುಗ, ನಯವಾದ ಮಾತು. ಲ್ಯಾಪ್‌ಟಾಪಿಗೆ ವೈರು ಜೋಡಿಸಿ ಎರಡು ದಿನ ಶಿದ್ರಾಮಪ್ಪನವರ ಗಾಡಿಯನ್ನು ತಾನೇ ಊರ ಸುತ್ತಮುತ್ತ ಓಡಿಸಿದ. ಗಾಡಿ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ದೋಷ ಕಾಣಲಿಲ್ಲ ಎಂದು ಬರೆದು ಹೊರಡುವ ಮಾತಾಡತೊಡಗಿದ. ಶಿದ್ರಾಮಪ್ಪನವರು ಸೀದಾ ನಮ್ಮ ಮನೆಗೆ ಬಂದರು.

"ಪರಮೇಶಾ, ಅವನ ಕೈಯಾಗ ಗಾಡಿ ನಿಲ್ಲವಲ್ದು. ನೀ ಓಡಸ್ಬೇಕಪಾ. ಅದು ಯಾವಾಗ ನಿಂತಿತ್ತು ಅನ್ನೂದು ನಿನಗ ಗೊತ್ತು."

"ನನ್ನ ಕೈಲಿ ಆಗೂದಿಲ್ರಿ ಸಾವಕಾರ್ರ," ಎಂದ ಪರಮೇಶ. "ನಾ ಮತ್ತ ಮಲಗಿದ್ರ?"

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ನನ್ನ ಮೇಲೆ. "ನಾ ಬಾಜೂಕ ಕೂಡ್ತೀನ್ರಿ," ಎಂದೆ. "ನಿಮ್ಮ ಕಣ್ಣ ನಾ ನೋಡ್ತೀನಿ. ಮುಚ್ಚಿದ್ರ ಹೊಡದು ಎಬ್ಬಸ್ತೀನಿ."

ಅವನು ನನ್ನನ್ನು ನೋಡಿದ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡ.

ಹಿಂದೆ ಎಂಜಿನಿಯರ್ ಮತ್ತು ಸಾಹುಕಾರರು, ಮುಂದೆ ನಾವಿಬ್ಬರು. ಪರಮೇಶ ಮೊದಲ ಮೈಲಿಯಲ್ಲಿ ಗಾಡಿಯನ್ನು ಕಲಿಯುವವನ ಹಾಗೆ ಓಡಿಸಿದ. ಜಮಖಂಡಿ ದಾಟುವ ಹೊತ್ತಿಗೆ ಅವನ ಭುಜ ಸಡಿಲವಾಯಿತು. ಏಸಿ ಪೂರ್ತಿ ಹಾಕಿದ, ಒಂದೂಕಾಲು ತಾಸು ಎಲ್ಲೂ ನಿಲ್ಲಿಸದೆ ಓಡಿಸಿದ. ನಾನು ರಸ್ತೆ ನೋಡಲಿಲ್ಲ. ಮಾತು ಕೊಟ್ಟ ಹಾಗೆ ಅವನ ಕಣ್ಣನ್ನೇ ನೋಡುತ್ತ ಕೂತೆ. ಹನ್ನೆರಡು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ನಾನು ಆ ಮುಖ ನೋಡಿದ್ದು ಅದೇ ಮೊದಲು.

ಗಲಗಲಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಪರಮೇಶ ವೇಗ ಇಳಿಸಿದ. "ಈಗ ನೋಡ್ರಿ ಸಾಹೇಬ್ರ," ಎಂದ. ಅವನ ಮಾತು ಮುಗಿದು ಎರಡು ಫರ್ಲಾಂಗು ಹೋಗಿರಲಿಲ್ಲ, ಎಂಜಿನ್ ಸತ್ತಿತು. ಸ್ಟೇರಿಂಗಿನ ಮುಂದಿನ ಫಲಕದ ಕೆಂಪು ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ಎದುರಿನಿಂದ ಬಸ್ಸು ಬರುತ್ತಿತ್ತು. ಹಿಂದೆ ಎಂಜಿನಿಯರ್ "ಅಯ್ಯಯ್ಯೋ" ಎಂದು ಸೀಟು ಹಿಡಿದುಕೊಂಡ. ಪರಮೇಶ ಬ್ರೇಕನ್ನು ಒಂದೇ ಸಲ ತುಳಿದು ಬಿಡದೆ ಒತ್ತಿ ಹಿಡಿದ, ಎರಡೂ ಕೈಯ ನರ ಎದ್ದು ಬರುವಂತೆ ಸ್ಟೇರಿಂಗನ್ನು ಎಡಕ್ಕೆ ತಿರುವಿದ. ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತ ಪಕ್ಕದಿಂದ ಹೋಯಿತು.

ಪರಮೇಶ ಮುಂದೆಯೇ ನೋಡುತ್ತ, ಮೆಲ್ಲಗೆ, "ತೆರದಿದ್ದುವೇನು?" ಎಂದು ನನ್ನನ್ನು ಕೇಳಿದ.

"ತೆರದಿದ್ದುವ್ರಿ. ರೆಪ್ಪಿ ಸೈತ ಬಡೀಲಿಲ್ಲ," ಎಂದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. "ಅವತ್ತ ನಾ ಹಂಗ ಕೇಳಬಾರದಿತ್ತು."

ಎಂಜಿನಿಯರ್ ಲ್ಯಾಪ್‌ಟಾಪ್ ನೋಡಿ ತಲೆ ಅಲ್ಲಾಡಿಸಿದ. ಬಿಸಿಗೆ ಒಂದು ವೈರಿನ ಕೊಂಡಿ ಸಡಿಲವಾಗಿ ಎಂಜಿನ್ ತಾನೇ ಬಂದ್ ಆಗುತ್ತಿದೆ, ಡ್ರೈವರನ ತಪ್ಪು ಇದರಲ್ಲಿ ಏನೂ ಇಲ್ಲ ಎಂದು ಹೇಳಿದ. ಬರೆದು ಕೊಡ್ರಿ ಎಂದರು ಶಿದ್ರಾಮಪ್ಪನವರು. ಅಲ್ಲೇ, ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯಿಸಿಕೊಂಡರು. ಅದನ್ನು ಪರಮೇಶನ ಕೈಗೆ ಕೊಟ್ಟು, "ತಪ್ಪಾತಪಾ. ನಾಳಿಂದ ಬಾ," ಎಂದರು. ಪರಮೇಶ, "ಇದನ್ನ ಮೊದಲ ರಿಪೇರಿ ಮಾಡಸ್ರಿ, ಆಮ್ಯಾಲ ಬರ್ತೀನಿ," ಎಂದ. ಹತ್ತು ನಿಮಿಷಕ್ಕೆ ಗಾಡಿ ಚಾಲೂ ಆಯಿತು, ಆದರೆ ಎಂಜಿನಿಯರ್ ಅದರಲ್ಲಿ ಮತ್ತೆ ಕೂರಲು ಸುತಾರಾಂ ಒಪ್ಪಲಿಲ್ಲ. ಎಳೆದೊಯ್ಯುವ ಗಾಡಿಗೆ ಫೋನ್ ಮಾಡಿ, ಸಾಹುಕಾರರ ಜೊತೆ ಗಿಡದ ನೆರಳಿಗೆ ಹೋಗಿ ಕೂತ.

ಎರಡು ತಿಂಗಳಿಗೆ ಕಂಪನಿ ಆ ನಮೂನೆಯ ಗಾಡಿಗಳನ್ನೆಲ್ಲ ವಾಪಸ್ ಕರೆಸಿ ಆ ಕೊಂಡಿ ಬದಲಿಸಿಕೊಟ್ಟಿತು. ಉಳಿದ ಮೂವರು ಡ್ರೈವರುಗಳಿಗೂ ಕರೆ ಹೋಯಿತು. ಅದು ಆಮೇಲಿನ ಮಾತು.

ಆ ದಿನ ನಾವಿಬ್ಬರು ಜಮಖಂಡಿ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಪರಮೇಶ ಕಾಗದವನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ. ಬಸ್ಸು ಮುಂದಿನ ಊರು ಮುಟ್ಟುವ ಮುಂಚೆಯೇ ಅವನ ತಲೆ ನನ್ನ ಹೆಗಲಿಗೆ ಬಿತ್ತು. ಮಟಮಟ ಮಧ್ಯಾಹ್ನ, ಬಾಯಿ ತೆರೆದು, ಸುತ್ತಲಿನವರು ತಿರುಗಿ ನೋಡುವಂತೆ ಗೊರಕೆ ಹೊಡೆಯುತ್ತ ಮಲಗಿದ. ಮೂರು ತಿಂಗಳಲ್ಲಿ ಅವನು ಹಾಗೆ ಮಲಗಿರಲಿಲ್ಲ. ಜಮಖಂಡಿಯಲ್ಲಿ ಬಸ್ಸು ಖಾಲಿಯಾದ ಮೇಲೆ ಕಂಡಕ್ಟರು ಬಂದು, "ಎಬ್ಬಸ್ರಿ ಅಕ್ಕಾರ, ಇಳೀಬೇಕು," ಎಂದ.

"ಐದ ನಿಮಿಷ ತಡೀರಿ ಅಣ್ಣಾರ," ಎಂದೆ. ಅವನು ನಮ್ಮಿಬ್ಬರನ್ನು ನೋಡಿ, ಚಹಾ ಕುಡಿದು ಬರುತ್ತೇನೆಂದು ಇಳಿದು ಹೋದ.